ವನಜಕ್ಕನ ಕೈಯಲ್ಲಿ ಕುಲುಕಿದ ಕಾಯಿ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದಿದವರು ನನ್ನನ್ನು ತಪ್ಪು ತಿಳಿಯಬಾರದು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಟೀಚರ್. ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟುವ ಅತ್ತೆಯ ಜೊತೆ, ಬೋರ್‌ವೆಲ್ಲಿಗೆ ಜಾಗ ನೋಡಲು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟ ಸುತ್ತುವ ನೆಂಟರ ಜೊತೆ ಜಗಳ ಆಡಿಕೊಂಡೇ ಶೆಟ್ಟಿಕೆರೆಯ ಈ ಮನೆಯಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳುವ ಹಿರಿಯರು, ಇವರಿಗೆಲ್ಲ ನನ್ನ ಎದುರು ಬಾಯಿ ಬಿಡುವ ಧೈರ್ಯ ಇರಲಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಹಾಡುಹಗಲಲ್ಲಿ, ನಮ್ಮ ಮನೆಯ ಕೊಬ್ಬರಿ ಅಟ್ಟದ ಏಣಿಯ ಬುಡದಲ್ಲಿ ನಡೆದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದನ್ನು ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ. ಅರ್ಥ ಹೇಳು ಎಂದು ಮಾತ್ರ ಕೇಳಬೇಡಿ.

ಇದು ನನ್ನ ಓರಗಿತ್ತಿ ವನಜಕ್ಕನ ಸುದ್ದಿ. ಭಾವ, ಅಂದರೆ ನಮ್ಮ ಯಜಮಾನರ ಅಣ್ಣ, ಸರ್ಕಾರಿ ಬಸ್ಸಿನ ಡ್ರೈವರ್. ಹೊಸದಾಗಿ ಕೆಲಸಕ್ಕೆ ಸೇರಿದಾಗ ಕರಾವಳಿಯ ಕಡೆ ಹಾಕಿದ್ದರು. ಒಂದು ಹೊಳೆಯ ದಡದಲ್ಲಿ ರಸ್ತೆ ಮುಗಿಯುತ್ತಿತ್ತು, ಬಸ್ಸೂ ಅಲ್ಲೇ ತಿರುಗುತ್ತಿತ್ತು. ಆಚೆ ದಡದಿಂದ ದೋಣಿಯಲ್ಲಿ ದಾಟಿ ಬಂದು, ಕಟ್ಟಿದ ಬೀಡಿಯ ಬುಟ್ಟಿ ಹಿಡಿದು ಅದೇ ಬಸ್ಸಿಗೆ ಹತ್ತುತ್ತಿದ್ದ ಹುಡುಗಿ ವನಜಕ್ಕ. ಅವಳು ಹತ್ತುವವರೆಗೆ ಬಸ್ಸು ಯಾಕೆ ಹೊರಡುವುದಿಲ್ಲ ಎಂದು ಕಂಡಕ್ಟರಿಗೆ ಗೊತ್ತಾಗುವಷ್ಟರಲ್ಲಿ ಮದುವೆ ಮಾತುಕತೆ ಶುರುವಾಗಿತ್ತಂತೆ. ಭಾವನನ್ನು ಕೇಳಿದರೆ ಈಗಲೂ, "ಎಂಜಿನ್ ಬಿಸಿ ಆಗ್ಲಿ ಅಂತ ಕಾಯ್ತಿದ್ದೆ ಕಣಮ್ಮ" ಎನ್ನುತ್ತಾರೆ.

ನಮ್ಮ ಮನೆಗೆ ಬಂದ ಹೊಸತರಲ್ಲಿ ವನಜಕ್ಕ ಮಾಡಿದ ಎಡವಟ್ಟನ್ನು ಅತ್ತೆ ಇವತ್ತಿಗೂ ಮರೆತಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಸುಲಿಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ವರ್ಷವೇ ಇಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರು ಕುಲುಕಬಾರದು, ಗಟಗಟ ಎಂದು ಒಣ ಸದ್ದು ಬರಬೇಕು. ಆಗ ಅದು ಗಿಟುಕು. ಈ ಸಂಗತಿ ವನಜಕ್ಕನಿಗೆ ಹೇಗೆ ಗೊತ್ತಿರಬೇಕು? ಅವರ ಕಡೆ ಬೆಳಿಗ್ಗೆ ಬಿದ್ದ ಕಾಯಿ ಮಧ್ಯಾಹ್ನದ ಸಾರಿಗೆ. ಅಟ್ಟದ ತುಂಬ ಕಾಯಿ ಕೊಳೆಯುತ್ತಿದೆ, ಪಾಪ ಈ ಮನೆಯವರಿಗೆ ಪುರುಸೊತ್ತಿಲ್ಲ ಎಂದುಕೊಂಡು, ಅತ್ತೆ ಸಂತೆಗೆ ಹೋದಾಗ ಅರ್ಧ ಒಣಗಿದ್ದ ಒಂದು ಮಂಕರಿ ಕಾಯಿ ಇಳಿಸಿ, ಒಡೆದು, ತುರಿದು ಇಟ್ಟುಬಿಟ್ಟಿದ್ದಳು. "ಅಯ್ಯೋ ನಮ್ಮವ್ವಾ, ವರ್ಷದ್ ಅನ್ನನೇ ರುಬ್ಬಿಟ್ಯಲ್ಲೇ!" ಎಂದು ಅತ್ತೆ ಅಂಗಳದಲ್ಲೇ ಕೂತುಬಿಟ್ಟರಂತೆ. ಆ ವಾರವೆಲ್ಲ ಕೇರಿಯವರಿಗೆ ನಮ್ಮ ಮನೆಯಿಂದ ಕಾಯಿ ಹೋಳಿಗೆ ಹೋಯಿತು.

ನಾನು ಸೊಸೆಯಾಗಿ ಬಂದದ್ದು ಇದಾದ ಕೆಲವು ವರ್ಷದ ಮೇಲೆ. ನನ್ನ ತವರು ನೊಣವಿನಕೆರೆಯ ಹತ್ತಿರ. ಹೊಳೆ ಎಂದರೆ ಕೆರೆ ಕೋಡಿ ಬಿದ್ದಾಗ ನಾಲ್ಕು ದಿನ ಹರಿಯುವ ಹಳ್ಳ ಎಂದೇ ತಿಳಿದು ಬೆಳೆದವಳು. ಒಂದು ಸಂಜೆ ಮರುದಿನದ ಪಾಠಕ್ಕೆ ಪುಸ್ತಕ ಓದಿಕೊಳ್ಳುತ್ತಿದ್ದೆ. ಪಶ್ಚಿಮಕ್ಕೆ ಹರಿಯುವ ನದಿಗಳು ಚಿಕ್ಕವು, ಬೇಗ ಕಡಲು ಸೇರುತ್ತವೆ ಎಂದು ಅದರಲ್ಲಿತ್ತು. ಹೂ ಕಟ್ಟುತ್ತ ಕೂತಿದ್ದ ವನಜಕ್ಕನಿಗೆ ಸಿಟ್ಟು ಬಂತು.

"ಚಿಕ್ಕದಂತೆ! ಇದನ್ನು ಬರ್ದವ್ರು ನಮ್ಮ ಹೊಳೆಯನ್ನು ಒಮ್ಮೆಯಾದ್ರೂ ನೋಡಿದ್ದಾರಾ ಟೀಚರೇ?"

ಹೂವನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಇಳಿದಳು. ಸುಲಿದ ಸಿಪ್ಪೆಯ ರಾಶಿಯಿಂದ ಘಟ್ಟ ಮಾಡಿದಳು, ನಾರಿನ ಪುಡಿಯಿಂದ ದಡ ಮಾಡಿದಳು, ಬೆರಳಿನಿಂದ ಹೊಳೆ ಗೀರಿದಳು. ಅವಳು ಹೇಳಿದ್ದು ಹೀಗೆ. ಹೊಳೆ ಉದ್ದವೇನಲ್ಲ, ಕಾಲು ಗಟ್ಟಿ ಇದ್ದವರು ಬೆಳಿಗ್ಗೆ ಅದು ಹುಟ್ಟುವಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಕಡಲು ಮುಟ್ಟಬಹುದು. ಆದರೆ ಅಷ್ಟು ರಭಸದಲ್ಲಿ ಘಟ್ಟ ಇಳಿದು ಬಂದ ಹೊಳೆ ಕಡಲು ಕಣ್ಣಿಗೆ ಬಿದ್ದ ಮೇಲೆ ಇದ್ದಕ್ಕಿದ್ದಂತೆ ನಾಚಿಕೊಳ್ಳುತ್ತದೆ. ಮರಳ ದಿಣ್ಣೆ ಅಡ್ಡ ಇರುವುದರಿಂದ ನೇರ ಹೋಗದೆ, ಕಡಲಿಗೆ ಬೆನ್ನು ಹಾಕಿ ತೀರದ ಉದ್ದಕ್ಕೂ ಹರಿಯುತ್ತದೆ. ಎಲ್ಲೋ ಒಂದು ಕಡೆ ತಗ್ಗು ನೋಡಿಕೊಂಡು ಒಳಗೆ ನುಗ್ಗುತ್ತದೆ. ಅದು ಅಳಿವೆ, ಹೊಳೆ ಕಡಲು ಸೇರುವ ಬಾಯಿ. ಬೇಸಿಗೆಯಲ್ಲಿ ಕಡಲು ಮರಳು ತಂದು ಆ ಬಾಯಿಯನ್ನು ಮುಚ್ಚುತ್ತದೆ, ಮಳೆಗಾಲದಲ್ಲಿ ಹೊಳೆ ಒಡೆದುಕೊಳ್ಳುತ್ತದೆ. ಎಲ್ಲಿ ಒಡೆಯುತ್ತದೆ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಹೊಳೆಗೂ ಕಡಲಿಗೂ ನಡುವೆ ಉಳಿಯುವ ಮರಳ ಪಟ್ಟಿಯ ಮೇಲೆ, ಬೆರಳಿಟ್ಟು, "ಇಲ್ಲಿ ನಮ್ಮ ಮನೆ" ಎಂದಳು. ಮುಂಬಾಗಿಲು ತೆಗೆದರೆ ಹೊಳೆ, ಹಿಂಬಾಗಿಲು ತೆಗೆದರೆ ಕಡಲು.

ಮರುದಿನ ಕ್ಲಾಸಿನಲ್ಲಿ ನಾನು ಆ ಪಾಠವನ್ನು ಅಷ್ಟು ಚೆನ್ನಾಗಿ ಮಾಡಿದ್ದು ಅದೇ ಮೊದಲು.

ಆಮೇಲೆ ಒಂದು ರಜೆಯಲ್ಲಿ ಅವಳ ಜೊತೆ ನಾನೂ ಹೋಗಿದ್ದೆ. ಮನೆಯಲ್ಲಿ ಇದ್ದವನು ಅವಳ ತಮ್ಮ ಸುಧಾಕರ. ತಾಯಿ ಬೇಗ ಹೋಗಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ವನಜಕ್ಕನೇ. ತಂದೆಯ ನಂತರ ದೋಣಿ ಅವನ ಕೈಗೆ ಬಂದಿತ್ತು. ಮೊದಲ ಸಂಜೆಯೇ ನಾನು ಅವರೆಲ್ಲರ ಎದುರು ನಗೆಪಾಟಲಾದೆ. ಹೊಳೆಯಲ್ಲಿ ಟವೆಲ್ ಜಾಲಾಡಿಸುವಾಗ ಕೈ ಜಾರಿತು. ನೀರು ಕಡಲಿನ ಕಡೆಗಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? ಸೀರೆ ಎತ್ತಿಕೊಂಡು ದಡದ ಮೇಲೆ ಕಡಲಿನ ಕಡೆ ಓಡಿದೆ. ಓಡಿ ನಿಂತು ತಿರುಗಿ ನೋಡಿದರೆ ಟವೆಲ್ ನನಗೆ ಬೆನ್ನು ಹಾಕಿ ಘಟ್ಟದ ಕಡೆ ನಿಧಾನಕ್ಕೆ ಹೋಗುತ್ತಿದೆ! ಉಬ್ಬರದ ಹೊತ್ತಿಗೆ ಕಡಲು ಒಳಗೆ ಬಂದು ಹೊಳೆ ಹಿಂದಕ್ಕೆ ಹರಿಯುತ್ತದೆ ಎಂದು ನಾನೇ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ. ಸುಧಾಕರ ನಕ್ಕು ನಕ್ಕು ದೋಣಿಯಿಂದ ಬೀಳುವುದೊಂದು ಬಾಕಿ. "ಟೀಚರ್, ಪುಸ್ತಕದ ಹೊಳೆ ಆ ಕಡೆ ಹೋಯ್ತು, ನಮ್ದು ಈ ಕಡೆ" ಎಂದ. ಅಟ್ಟದ ಕಾಯಿ ತುರಿದ ಕತೆಗೆ ವನಜಕ್ಕನಿಗೆ ಕೊನೆಗೂ ಒಂದು ಉತ್ತರ ಸಿಕ್ಕಿತು.

ಆ ರಾತ್ರಿ ಊಟದ ಹೊತ್ತಿನಲ್ಲಿ ಅವಳು ಹೇಳಿದ ಇನ್ನೊಂದು ಮಾತು ನೆನಪಿದೆ. ಚಿಕ್ಕಂದಿನಲ್ಲಿ ಅವರಪ್ಪ ಮಕ್ಕಳಿಬ್ಬರನ್ನೂ ದೋಣಿಯ ಹಲಗೆಗೆ ಕಿವಿ ಹಚ್ಚಿ ಮಲಗಿಸುತ್ತಿದ್ದರಂತೆ. ಏರುವ ನೀರಿನ ಸದ್ದು ಬೇರೆ, ಇಳಿಯುವ ನೀರಿನ ಸದ್ದು ಬೇರೆ, ಮರಳ ಪಟ್ಟಿಯ ಮೇಲೆ ಬದುಕುವವರಿಗೆ ಅದು ತಿಳಿಯಬೇಕು ಎಂದು. ವನಜಕ್ಕ ಕಲಿತಳು. ಸುಧಾಕರ ಪ್ರತಿ ಸಲ ಹಲಗೆಯ ಮೇಲೆ ನಿದ್ದೆ ಹೋಗುತ್ತಿದ್ದನಂತೆ.

ವರ್ಷ ಕಳೆದಂತೆ ಆ ಪಟ್ಟಿ ಸಪೂರವಾಗುತ್ತ ಬಂತು. ಅಕ್ಕಪಕ್ಕದವರು ಒಬ್ಬೊಬ್ಬರೇ ಈಚೆ ದಡಕ್ಕೆ ಮನೆ ಮಾಡಿದರು. ಸುಧಾಕರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮದುವೆಯಾಗಿ, ಮಗಳು ಹುಟ್ಟಿದ ಮೇಲೂ ಅಲ್ಲೇ ಇದ್ದ. ಪ್ರತಿ ಮಳೆಗಾಲದ ಮೊದಲು ವನಜಕ್ಕ ಫೋನಿನಲ್ಲಿ ತುಳುವಿನಲ್ಲಿ ಅವನ ಜೊತೆ ಜಗಳ ಆಡುತ್ತಿದ್ದಳು. ಭಾಷೆ ಬಾರದ ನಮಗೂ ಅದು ಯಾವ ಜಗಳ ಎಂದು ಗೊತ್ತಾಗುತ್ತಿತ್ತು. ಫೋನ್ ಇಟ್ಟು ಅಡಿಗೆಮನೆಗೆ ಬಂದರೆ ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಜೋರಾಗಿರುತ್ತಿತ್ತು.

ನಮ್ಮ ಹಿತ್ತಿಲಿನಲ್ಲಿ ನೀರಿನ ತೊಟ್ಟಿಯ ಪಕ್ಕ ಒಂದು ತೆಂಗಿನ ಮರವಿದೆ. ವನಜಕ್ಕ ತವರಿನಿಂದ ಸಸಿ ತಂದು ನೆಟ್ಟದ್ದು. ಕಾಯಿ ನಮ್ಮ ಕಾಯಿಯ ಹಾಗೆ ಗುಂಡಗಿಲ್ಲ, ಸ್ವಲ್ಪ ಉದ್ದ. ಅತ್ತೆ ಅದನ್ನು "ಘಟ್ಟದ್ ಕೆಳಗಿನ್ ಮರ" ಎಂದೇ ಕರೆಯುವುದು. ಅದರ ಕಾಯಿಯನ್ನು ನಮ್ಮ ಕಾಯಿಯ ಜೊತೆ ಸೇರಿಸಲು ಬಿಡದೆ, ಅಟ್ಟದ ಒಂದು ಮೂಲೆಯಲ್ಲಿ ಬೇರೆ ಗುಡ್ಡೆ ಹಾಕಿಸುತ್ತಿದ್ದರು. ವನಜಕ್ಕನೂ ಅದಕ್ಕೆ ಬೇಸರ ಮಾಡಿಕೊಂಡವಳಲ್ಲ. ತನ್ನದೇ ಒಂದು ಮೂಲೆ ಇರುವುದು ಅವಳಿಗೆ ಖುಷಿಯೇ.

ಈಗ ಆ ದಿನಕ್ಕೆ ಬರುತ್ತೇನೆ. ಶಾಲೆ ಆಗತಾನೇ ಶುರುವಾಗಿತ್ತು, ಮಳೆಗಾಲದ ಮೊದಲ ದಿನಗಳು. ಭಾನುವಾರ. ನಮ್ಮಲ್ಲಿ ಮೋಡ ಬಂದು ಹೋಗುತ್ತಿತ್ತು, ಮಳೆ ಇರಲಿಲ್ಲ. ಭಾವ ಡ್ಯೂಟಿಗೆ ಹೋಗಿದ್ದರು, ನಮ್ಮ ಮನೆಯವರು ತೋಟದಲ್ಲಿದ್ದರು. ಒಣಗಿದ ಕಾಯಿ ಇಳಿಸಬೇಕು ಎಂದು ಅತ್ತೆ ಅಪ್ಪಣೆ ಮಾಡಿದ್ದರಿಂದ ತಿಂಡಿ ಮುಗಿಸಿ ನಾನು ಅಟ್ಟ ಹತ್ತಿದೆ. ವನಜಕ್ಕ ಏಣಿಯ ನಡುವೆ ನಿಂತಳು, ಅತ್ತೆ ಕೆಳಗೆ ಮಣೆ ಹಾಕಿಕೊಂಡು ಕೂತರು. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು, ಗಿಟುಕಾಗಿದ್ದರೆ ವನಜಕ್ಕನ ಕೈಗೆ, ನೀರಿದ್ದರೆ ವಾಪಸ್ ಗುಡ್ಡೆಗೆ. ಇದರಲ್ಲಿ ವಿಚಿತ್ರ ಏನೂ ಇಲ್ಲ, ನಮ್ಮ ಕಡೆ ಎಲ್ಲ ಮನೆಯಲ್ಲೂ ಮಾಡುವ ಕೆಲಸ.

ಮೂಲೆಯ ಗುಡ್ಡೆಗೆ ಬಂದಾಗ ಒಂದು ಕಾಯಿ ಅಲ್ಲಾಡಿಸಿದೆ. ಗಟಗಟ ಎಂದಿತು. ವನಜಕ್ಕನಿಗೆ ಕೊಟ್ಟೆ. ತನ್ನ ಮರದ ಕಾಯಿ ಎಂದು ಅವಳೂ ಸುಮ್ಮನೆ ಒಮ್ಮೆ ಕಿವಿಯ ಹತ್ತಿರ ಹಿಡಿದಳು.

"ಇದ್ರಲ್ಲಿ ನೀರುಂಟಲ್ಲ ಟೀಚರೇ" ಎಂದಳು.

ನನಗೆ ನಗು ಬಂತು. ವಾಪಸ್ ತೆಗೆದುಕೊಂಡು ಇನ್ನೊಮ್ಮೆ ಅಲ್ಲಾಡಿಸಿದೆ. ಒಣಕಲು ಸದ್ದು, ಒಳಗೆ ಉಂಡೆ ಚಿಪ್ಪಿಗೆ ಬಡಿಯುವುದು ಕೈಗೂ ತಿಳಿಯುತ್ತಿತ್ತು. ಮತ್ತೆ ಕೊಟ್ಟೆ. ಅವಳು ಅಲ್ಲಾಡಿಸಿದಳು. ಈ ಸಲ ಅಟ್ಟದ ಮೇಲಿದ್ದ ನನಗೂ ಕೇಳಿಸಿತು. ಕುಳುಕ್ ಎಂದು ನೀರು ಮಗುಚಿದ ಸದ್ದು.

ನಾನು ಏಣಿ ಇಳಿದು ಬಂದೆ. ಅತ್ತೆ, "ಏನ್ರೇ ಅದು, ಕೊಡ್ರಿಲ್ಲಿ" ಎಂದು ಕೈಗೆ ತೆಗೆದುಕೊಂಡರು. ನೂರಾರು ಸಾವಿರಾರು ಕಾಯಿ ನೋಡಿದ ಕಿವಿ ಅದು. ಅಲ್ಲಾಡಿಸಿ, "ಚಿನ್ನದಂಗ್ ಗಿಟುಕಾಗೈತೆ ಕಣೇ, ನಿಂಗೇನ್ ಬಂತು?" ಎಂದರು. ಅವರ ಕೈಯಲ್ಲಿ ಒಣಗಿದ ಸದ್ದು. ನನ್ನ ಕೈಯಲ್ಲಿ ಒಣಗಿದ ಸದ್ದು. ವನಜಕ್ಕನ ಕೈಗೆ ಹೋದರೆ ನೀರು. ಆ ಗುಡ್ಡೆಯ ಬೇರೆ ಕಾಯಿಗಳನ್ನು ತಂದು ಕೊಟ್ಟೆ, ಅವೂ ಹಾಗೇ. ನಮ್ಮ ಗುಂಡು ಕಾಯಿ ಕೊಟ್ಟರೆ ಅವಳ ಕೈಯಲ್ಲೂ ಗಿಟುಕೇ. ಅತ್ತೆ ಮೊದಲು ನನ್ನ ಮುಖ ನೋಡಿದರು. ಈ ಮನೆಯಲ್ಲಿ ಇಂಥದ್ದನ್ನೆಲ್ಲ ಹೀಯಾಳಿಸುವವಳು ನಾನಲ್ಲವೇ, ನಾನು ಏನಾದರೂ ಹೇಳಲಿ ಎಂದು. ನಾನು ಇನ್ನೊಂದು ಕಾಯಿ ಎತ್ತಿ ಅಲ್ಲಾಡಿಸಿದೆ.

ವನಜಕ್ಕ ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತು, ಕಾಯಿಯನ್ನು ಅಲ್ಲಾಡಿಸುವುದು ಬಿಟ್ಟು, ಬರೇ ಕಿವಿಗೆ ಒತ್ತಿ ಹಿಡಿದುಕೊಂಡಳು. ಕಣ್ಣು ಮುಚ್ಚಿದ್ದಳು. ಹಲಗೆಗೆ ಕಿವಿ ಹಚ್ಚಿದ ಮಗು ಹಾಗೇ ಇದ್ದಿರಬೇಕು ಎಂದು ನನಗೆ ಅನ್ನಿಸಿತು.

"ಏರ್ತಾ ಉಂಟು" ಎಂದಳು. "ಇದು ಇಳಿಯುವ ನೀರಲ್ಲ. ಏರ್ತಾ ಉಂಟು."

ಯಾವ ನೀರು ಎಂದು ಕೇಳುವ ಅಗತ್ಯ ಇರಲಿಲ್ಲ. ಅವಳು ಫೋನ್ ಮಾಡಿದಳು. ಸುಧಾಕರನೇ ಎತ್ತಿದ. ಎಂದಿನ ಜಗಳ ಶುರುವಾಯಿತು, ಆದರೆ ಈ ಸಲ ಅವಳ ಧ್ವನಿ ಜೋರಾಗಲೇ ಇಲ್ಲ, ಬೇಡಿಕೊಳ್ಳುವ ಧ್ವನಿ. ಅವನು ನಗುತ್ತಿರುವುದು ನಮಗೂ ಕೇಳುತ್ತಿತ್ತು. ಅವಳು ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದಳು.

"ಅಲ್ಲಿ ಬಿಸಿಲು ಉಂಟಂತೆ. ಮಗುವಿನ ಬಟ್ಟೆ ಒಣಗ್ಲಿಕ್ಕೆ ಹಾಕಿದ್ದಾರಂತೆ. ನನ್ನ ಮಾತು ಕೇಳುವುದಿಲ್ಲ ಅವ. ನೀನು ಹೇಳು."

"ಏನಂತ ಹೇಳಲಿ ಅಕ್ಕಾ? ತೆಂಗಿನಕಾಯಿ ಕುಲುಕ್ತಾ ಇದೆ ಅಂತ ಹೇಳಲಾ?"

"ನಂಗೆ ತುಂಬಾ ಹುಷಾರಿಲ್ಲ, ಕೂಡಲೇ ಹೊರಟು ಬರ್ಬೇಕು ಅಂತ ಹೇಳು. ಮಗುವನ್ನೂ ಕರ್ಕೊಂಡು. ನೀನು ಟೀಚರ್, ನೀನು ಸುಳ್ಳು ಹೇಳುವುದಿಲ್ಲ ಅಂತ ಅವನಿಗೆ ಗೊತ್ತುಂಟು."

ಈಗ ಯೋಚಿಸಿದರೆ, ಆ ಗಳಿಗೆಯಲ್ಲಿ ನಾನು ಮಾಡಬೇಕಾಗಿದ್ದದ್ದು ಫೋನ್ ಇಟ್ಟು, ವನಜಕ್ಕನಿಗೆ ಒಂದು ಲೋಟ ನೀರು ಕೊಟ್ಟು ಮಲಗಿಸುವುದು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅಷ್ಟು ದೂರ ಘಟ್ಟ ಹತ್ತಿ ಬರಲು ಹೇಳುವುದು ಬುದ್ಧಿವಂತರ ಕೆಲಸವಲ್ಲ. ನಾನು ಫೋನ್ ತೆಗೆದುಕೊಂಡೆ. "ಸುಧಾಕರ, ಅಕ್ಕನಿಗೆ ಎದೆನೋವು. ನಿನ್ನನ್ನೂ ಮಗುವನ್ನೂ ನೋಡಬೇಕು ಅಂತಿದ್ದಾಳೆ. ಈಗಲೇ ಹೊರಡಪ್ಪ, ಆಮೇಲೆ ನನ್ನನ್ನು ಅನ್ನಬೇಡ" ಎಂದೆ. ಹೇಳುತ್ತ ಹೇಳುತ್ತ ನನಗೆ ನಿಜವಾಗಿಯೂ ಅಳು ಬಂತು. ಆ ಕಡೆ ನಗು ನಿಂತಿತು. "ಬಂದೆ ಟೀಚರ್" ಎಂದ. ಭಾವನಿಗೂ ಫೋನ್ ಮಾಡಿದನಂತೆ. ಬಸ್ಸು ಓಡಿಸುವಾಗ ಭಾವ ಫೋನ್ ಆಫ್ ಮಾಡಿಡುತ್ತಾರೆ, ಹಾಗಾಗಿ ನನ್ನ ಸುಳ್ಳು ಉಳಿದುಕೊಂಡಿತು.

ಆಮೇಲಿನ ಹಗಲು ಎಷ್ಟು ಉದ್ದವಾಗಿತ್ತು ಎಂದು ಹೇಳಲಾರೆ. ಯಾರೂ ಸರಿಯಾಗಿ ಉಣ್ಣಲಿಲ್ಲ. ಒಡೆದು ನೋಡೋಣ ಎಂದು ಅತ್ತೆ ಮಚ್ಚು ತಂದರೆ ವನಜಕ್ಕ ಒಡೆಯಲು ಬಿಡಲಿಲ್ಲ, ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಮಧ್ಯೆ ಮಧ್ಯೆ ಕಿವಿಗೆ ಹಿಡಿಯುವಳು. ದೋಣಿ ದಾಟಿದೆವು, ಬಸ್ಸು ಸಿಕ್ಕಿತು, ಘಟ್ಟ ಹತ್ತುತ್ತಿದ್ದೇವೆ ಎಂದು ಸುಧಾಕರನ ಹೆಂಡತಿ ಪ್ರೇಮ ಫೋನ್ ಮಾಡುತ್ತಿದ್ದಳು. ಘಟ್ಟದಲ್ಲಿ ಭಾರಿ ಮಳೆ ಎಂದಳು. ಪ್ರತಿ ಸಲವೂ ನಾನೇ ಎತ್ತಿ, ರೋಗಿ ಮಲಗಿದ್ದಾಳೆ ಎಂದು ಹೇಳಬೇಕು. ರೋಗಿ ನನ್ನ ಪಕ್ಕದಲ್ಲೇ ಕೂತು ಸೆರಗಿನ ಅಂಚು ಕಚ್ಚುತ್ತಿದ್ದಳು.

"ಸುಳ್ಳಾದ್ರೆ ಅವ ಇನ್ನು ನನ್ನ ಮುಖ ನೋಡುವುದಿಲ್ಲ" ಎಂದಳು ಒಮ್ಮೆ. ಕಾಯಿಯ ಧೂಳನ್ನು ಸೆರಗಿನಿಂದ ಒರೆಸುತ್ತ, "ಆದ್ರೂ ಸುಳ್ಳೇ ಆಗ್ಲಿ ದೇವ್ರೇ" ಎಂದಳು.

ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದರು. ವನಜಕ್ಕ ಜಗಲಿಯ ಮೇಲಿದ್ದಳು. ಕಾಯಿಯನ್ನು ಕಿವಿಗೆ ಹಿಡಿದವಳು ಗಾಬರಿಯಿಂದ ಜೋರಾಗಿ ಅಲ್ಲಾಡಿಸಿದಳು. ಗಟಗಟ ಎಂದಿತು. ಇನ್ನೊಮ್ಮೆ ಅಲ್ಲಾಡಿಸಿದಳು, ಗಟಗಟ. ನಮ್ಮೆಲ್ಲರ ಕೈಯಲ್ಲಿ ಬೆಳಿಗ್ಗೆಯಿಂದ ಬರುತ್ತಿದ್ದ ಸದ್ದು ಈಗ ಅವಳ ಕೈಯಲ್ಲೂ ಬಂತು. "ನಿಂತಿತು" ಎಂದಳು, ಅಷ್ಟೆ. ನನಗೆ ಒಳಗೊಳಗೇ ಸಮಾಧಾನವಾಯಿತು. ಏನೋ ಭ್ರಮೆ ಇತ್ತು, ಬಿಟ್ಟಿತು, ಸುಧಾಕರನ ಕೈಯಲ್ಲಿ ಬೈಸಿಕೊಂಡರೆ ಮುಗಿಯಿತು ಎಂದುಕೊಂಡೆ.

ಬೈಸಿಕೊಂಡದ್ದೂ ಆಯಿತು. ನಮ್ಮ ಮನೆಯವರು ತಿಪಟೂರಿನ ಬಸ್‌ಸ್ಟ್ಯಾಂಡಿನಿಂದ ಅವರನ್ನು ಆಟೋದಲ್ಲಿ ಕರೆತಂದರು. ಸುಧಾಕರ ಓಡುತ್ತಲೇ ಒಳಗೆ ಬಂದ. ಸಾಯುತ್ತಿರಬೇಕಾದ ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಕಾರಣ ಕೇಳಿದ ಮೇಲಂತೂ ಅವನ ಕೋಪ ಹೇಳತೀರದು. ಅವಳು ತಂದು ತೋರಿಸಿದ ಕಾಯಿಯನ್ನು ಕಿತ್ತುಕೊಂಡು, "ಇದಕ್ಕಾ? ಇದಕ್ಕಾ ನಮ್ಮನ್ನು ಕರ್ಸಿದ್ದು?" ಎಂದು ಅಲ್ಲಾಡಿಸಿ ಮೂಲೆಗೆ ಎಸೆದ. ನನ್ನ ಕಡೆ ತಿರುಗಿ, "ಟೀಚರ್, ನೀವೂ ಇವಳ ಜೊತೆ ಸೇರಿದ್ರಲ್ಲ" ಎಂದ. ನಾನು ತಲೆ ತಗ್ಗಿಸಿದೆ. ಕೂಸು ಅಳಲು ಶುರುಮಾಡಿತು. ಅತ್ತೆ ಅದನ್ನು ಎತ್ತಿಕೊಂಡು, "ಬೈಯೋದಿದ್ರೆ ಉಂಡು ಬೈಯಪ್ಪ, ಮಗಾ ಎದರ್ಕತಾದೆ" ಎಂದರು.

ಅವನಿಗೆ ಫೋನ್ ಬಂದದ್ದು ಆಗ. ಈಚೆ ದಡದಲ್ಲಿ ಅಂಗಡಿ ಇಟ್ಟಿದ್ದವರದು. ಅವರು ಅಳುತ್ತಿದ್ದರು. ಸುಧಾಕರ ಎಲ್ಲಿದ್ದೀಯಾ, ಪ್ರೇಮ ಎಲ್ಲಿ, ಮಗು ಎಲ್ಲಿ ಎಂದು ಒಂದೇ ಸಮನೆ ಕೇಳುತ್ತಿದ್ದರು. ಇವರು ಊರು ಬಿಟ್ಟದ್ದು ಅವರಿಗೆ ಗೊತ್ತೇ ಇರಲಿಲ್ಲ. ಘಟ್ಟದ ಮಳೆನೀರು ಒಮ್ಮೆಲೇ ಇಳಿದು ಬಂದಿತ್ತು. ಕಡಲಿನ ಉಬ್ಬರವೂ ಅದೇ ಹೊತ್ತಿಗೆ ಏರಿತ್ತು. ಬೇಸಿಗೆಯ ಮರಳು ತುಂಬಿ ಅಳಿವೆ ಕಟ್ಟಿದ್ದರಿಂದ ಹೊಳೆಗೆ ಹೋಗಲು ದಾರಿ ಇರಲಿಲ್ಲ. ಅದು ಹೊಸ ದಾರಿ ಮಾಡಿಕೊಂಡದ್ದು ಸರಿಯಾಗಿ ಸುಧಾಕರನ ಮನೆಯ ಮೇಲೆ. ಮನೆ ಇದ್ದ ಜಾಗದಲ್ಲಿ ಈಗ ಅಳಿವೆ ಇದೆ ಎಂದರು. ಯಾವಾಗ ಎಂದು ಇವನು ಕೇಳಿದ. ದೀಪ ಹಚ್ಚುವ ಹೊತ್ತಿಗೆ ಎಂದರು.

ಸುಧಾಕರ ನಿಂತಲ್ಲೇ ಕುಸಿದು ಅಕ್ಕನ ಕಾಲು ಹಿಡಿದುಕೊಂಡ. ಅವಳು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಬೆನ್ನಿಗೆ ಎರಡು ಗುದ್ದು ಗುದ್ದಿ, ಆಮೇಲೆ ಅತ್ತಳು. ಅವತ್ತು ಅತ್ತದ್ದು ಅವರಿಬ್ಬರೇ ಅಲ್ಲ.

ಬೆಳಿಗ್ಗೆ ಮೂಲೆಯಲ್ಲಿ ಬಿದ್ದಿದ್ದ ಆ ಕಾಯಿಯನ್ನು ಅತ್ತೆಯೇ ಸುಲಿದು ಚಿಪ್ಪು ಬಿಡಿಸಿದರು. ನಾವೆಲ್ಲ ಸುತ್ತ ನಿಂತಿದ್ದೆವು. ಒಂದು ಹನಿ ನೀರಿಲ್ಲ. ಒಳ್ಳೆಯ ಉಂಡೆ ಕೊಬ್ಬರಿ. ಆದರೆ ಉಂಡೆಯ ನಡು ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ ಇತ್ತು, ಕೆರೆಯ ನೀರು ಇಳಿದ ಮೇಲೆ ಏರಿಯ ಕಲ್ಲಿಗೆ ಉಳಿಯುವ ಹಾಗೆ. ಒಮ್ಮೊಮ್ಮೆ ಹಾಗೆ ಬೂಸಲು ಬರುತ್ತದೆ ಎಂದು ಅತ್ತೆ ಹೇಳಿದರು, ಹೇಳುವಾಗ ಅವರಿಗೇ ನಂಬಿಕೆ ಇದ್ದಂತೆ ಕಾಣಲಿಲ್ಲ. ಸುಧಾಕರ ಬೆರಳಿನಿಂದ ಆ ಗೆರೆಯನ್ನು ಒರೆಸಿ ನಾಲಿಗೆಗೆ ಹಚ್ಚಿಕೊಂಡ. ಏನು ರುಚಿ ಎಂದು ನಾನು ಕೇಳಬಹುದಿತ್ತು, ಕೇಳಲಿಲ್ಲ. ಅವನು ಆ ಉಂಡೆಯನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡ.

ನಾನು ಆಮೇಲೆ ಎಷ್ಟೋ ಯೋಚಿಸಿದ್ದೇನೆ. ಆ ಕಾಲದಲ್ಲಿ ಉಬ್ಬರ ದೊಡ್ಡದಿರುತ್ತದೆ, ಅಳಿವೆ ಕಟ್ಟಿದೆ ಎಂದು ಅವಳಿಗೆ ಗೊತ್ತಿತ್ತು, ತಮ್ಮನ ಚಿಂತೆ ಮನಸ್ಸಿನಲ್ಲಿ ಕುದಿಯುತ್ತಿತ್ತು, ಅದೇ ಕಿವಿಗೆ ಕೇಳಿಸಿತು ಎನ್ನಬಹುದು. ಸರಿ, ಅವಳ ಕಿವಿಗೆ ಕೇಳಿಸಿತು. ನನ್ನ ಕಿವಿಗೆ ಯಾಕೆ ಕೇಳಿಸಿತು? ನಮ್ಮ ಸೀಮೆಗೂ ಆ ಹೊಳೆಗೂ ಯಾವ ಸಂಬಂಧವೂ ಇಲ್ಲ. ನಕ್ಷೆ ಹಿಡಿದು ಮಕ್ಕಳಿಗೆ ತೋರಿಸುವವಳು ನಾನೇ. ನಮ್ಮಲ್ಲಿ ಬಿದ್ದ ಮಳೆ ಕೆರೆಯಿಂದ ಕೆರೆಗೆ ಇಳಿದು, ಏನಾದರೂ ಉಳಿದರೆ ಮೂಡಲ ಕಡಲಿಗೆ ಹೋಗುತ್ತದೆ. ಪಡುವಲಿಗೆ ಒಂದು ಹನಿಯೂ ಹೋಗುವುದಿಲ್ಲ, ಅಲ್ಲಿಂದ ಒಂದು ಹನಿ ಬರುವ ದಾರಿಯೂ ಇಲ್ಲ. ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ನನ್ನ ಸ್ವಂತ ಕೈಯಲ್ಲಿ ಒಣಗಿದ ಸದ್ದು ಕೇಳಿದ ಮೇಲೂ, ಏನನ್ನೂ ನಂಬದ ನಾನು ಅಷ್ಟು ಸಲೀಸಾಗಿ ಆ ಸುಳ್ಳನ್ನು ಹೇಗೆ ಹೇಳಿದೆ? ಅದೂ ಅಳುತ್ತ? ವನಜಕ್ಕನನ್ನು ಕೇಳಿದರೆ, "ನಿಂಗೆ ನನ್ನ ಮೇಲೆ ಪ್ರೀತಿ ಉಂಟು ಮಾರಾಯ್ತಿ, ಅಷ್ಟೇ" ಎಂದು ಮುಗಿಸಿಬಿಡುತ್ತಾಳೆ. ಭೂಗೋಳದ ಟೀಚರಿಗೆ ಇದು ಸಾಲದು.

ಸುಧಾಕರ ಈಗ ಈಚೆ ದಡದಲ್ಲಿ ಎತ್ತರದ ಜಾಗದಲ್ಲಿ ಮನೆ ಮಾಡಿಕೊಂಡಿದ್ದಾನೆ. ಹೋಗುವಾಗ ನಮ್ಮ ಹಿತ್ತಿಲಿನ ಮರದ ಸಸಿಯನ್ನೇ ಅಂಗಳಕ್ಕೆ ತೆಗೆದುಕೊಂಡು ಹೋದ. ಅತ್ತೆ ಈಗ ಆ ಮರವನ್ನು "ವನಜನ್ ಮರ" ಎನ್ನುತ್ತಾರೆ. ಮೂಲೆಯ ಗುಡ್ಡೆಯಲ್ಲಿ ನಾಲ್ಕಾರು ಕಾಯಿಯನ್ನು ಇಳಿಸಲು ಬಿಡುವುದಿಲ್ಲ, ಇರಲಿ ಬುಡು ಎನ್ನುತ್ತಾರೆ.

ಈಗಲೂ ಮಳೆಗಾಲದ ಮೊದಲ ಮೋಡ ಕಂಡಾಗ, ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ, ವನಜಕ್ಕ ಯಾರಿಗೂ ಏನೂ ಹೇಳದೆ ಅಟ್ಟ ಹತ್ತುತ್ತಾಳೆ. ಅವಳ ಪಾದ ಏಣಿಯ ಮೇಲೆ ಬಿದ್ದ ಸದ್ದಾದರೆ ಭಾವ ಟಿವಿಯ ಸದ್ದು ತಗ್ಗಿಸುತ್ತಾರೆ. ಅತ್ತೆ ಊದುಬತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸುತ್ತಾರೆ. ಚಟ್ನಿ ರುಬ್ಬುತ್ತಿರುವ ನಾನು ಮಿಕ್ಸಿ ಆಫ್ ಮಾಡಿ ಸೂರಿನ ಕಡೆ ಕಿವಿ ಕೊಟ್ಟು ನಿಲ್ಲುತ್ತೇನೆ. ಮೇಲೆ ಒಂದು ಗಳಿಗೆ ಏನೂ ಕೇಳುವುದಿಲ್ಲ.

"ಗಿಟುಕೇ ಉಂಟು ಟೀಚರೇ" ಎಂದು ಕೂಗುತ್ತಾಳೆ.

ಆಮೇಲೆ ನಾನು ಮಿಕ್ಸಿ ಹಾಕುತ್ತೇನೆ.